ಸ್ಕ್ಯಾನಿಗಿಂತ ಮೊದಲು ಮದ್ದಿನ ಹಾಳೆ ಕೇಳಿದ ಎದೆರೋಗ ಚಿಕಿತ್ಸಾಲಯ

ನಾಲ್ಕು ತಿಂಗಳು ಬಿಡದ ಒಣ ಕೆಮ್ಮಿಗಾಗಿ ಬದಿಯಡ್ಕದ ಕಡೆಯಿಂದ ಕಾಸರಗೋಡು ಪೇಟೆಯ ಸಣ್ಣದೊಂದು ಎದೆರೋಗ ಚಿಕಿತ್ಸಾಲಯಕ್ಕೆ ಹೋಗಿಬಂದ ಅನುಭವವಿದು. ಕಫವಿರಲಿಲ್ಲ, ಜ್ವರವಿರಲಿಲ್ಲ, ಗಂಟಲಲ್ಲಿ ಅಡಿಕೆ ಸಿಪ್ಪೆಯ ನಾರು ಸಿಕ್ಕಿಕೊಂಡಂತೆ ಕೆರೆತವಾಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಬರುತ್ತಿತ್ತು. ತಾಳಮದ್ದಳೆಗೆ ಹೋದರೂ ಎದ್ದು ಹೊರಬರಲು ಅನುಕೂಲವಾಗುವಂತೆ ಬಾಗಿಲ ಬಳಿಯೇ ಕೂರುತ್ತಿದ್ದೆ. ಅದಕ್ಕೂ ಮೊದಲು ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ಬಾರಿ ಆಂಟಿಬಯಾಟಿಕ್ ಕೊಟ್ಟು, ಸಿ.ಟಿ. ಸ್ಕ್ಯಾನ್ ಮಾಡಿಸಿ, ಏನೂ ಇಲ್ಲವೆಂದು ಕಳುಹಿಸಿದ್ದರು.

ಇಲ್ಲಿ ವೈದ್ಯರು ಸ್ಟೆತಾಸ್ಕೋಪ್ ಹಿಡಿಯುವ ಮೊದಲೇ ಪ್ರಶ್ನೆಗಳನ್ನು ಆರಂಭಿಸಿದರು. ರಾತ್ರಿ ಕೆಮ್ಮು ಹೆಚ್ಚುವುದೋ, ಮೂಗಿನ ನೀರು ಗಂಟಲಿಗಿಳಿಯುವುದೋ, ಉಂಡು ಮಲಗಿದರೆ ಹುಳಿತೇಗು ಬರುವುದೋ, ಬೀಡಿ ಸೇದುವುದಿದೆಯೋ, ತೂಕ ಇಳಿದಿದೆಯೋ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೋ, ತೋಟಕ್ಕೆ ಮೈಲುತುತ್ತು ಬಿಡುವಾಗ ಮುಖಕ್ಕೆ ಬಟ್ಟೆ ಕಟ್ಟುತ್ತೇನೋ ಎಂದೆಲ್ಲ ಕೇಳಿದರು. ವಯಸ್ಕರಲ್ಲಿ 8 ವಾರ ದಾಟಿದ ಕೆಮ್ಮನ್ನು ದೀರ್ಘಕಾಲದ್ದೆಂದು ಪರಿಗಣಿಸುತ್ತಾರೆಂದೂ, ಎಕ್ಸ್-ರೇ ಸರಿಯಿದ್ದವರಲ್ಲಿ ಹೆಚ್ಚಾಗಿ ಮೂಗಿನ ತೊಂದರೆ, ಅಸ್ತಮಾ, ಹೊಟ್ಟೆಯ ಆಮ್ಲ ಮೇಲೇರುವುದು ಇವೇ ಕಾರಣವೆಂದೂ, ಉಬ್ಬಸವಿಲ್ಲದೆ ಬರಿಯ ಕೆಮ್ಮಾಗಿಯೇ ಕಾಣಿಸುವ ಅಸ್ತಮಾವೂ ಇದೆಯೆಂದೂ ತಿಳಿಸಿದರು.

ಬಳಿಕ, "ಬೇರೆ ಏನಾದರೂ ಮದ್ದು ತಿನ್ನುವುದುಂಟೋ?" ಎಂದು ಕೇಳಿದರು. ಅಂಗಿಯ ಕಿಸೆಯಲ್ಲಿದ್ದ ಬಿ.ಪಿ. ಮಾತ್ರೆಯ ಹಾಳೆಯನ್ನು ಕೊಟ್ಟೆ. ಹಿಂಬದಿಯ ಸಣ್ಣಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು "ರಾಮಿಪ್ರಿಲ್" ಎಂದು ಓದಿದರು. ಈ ವರ್ಗದ ಮಾತ್ರೆಗಳು ಬ್ರಾಡಿಕೈನಿನ್ ಎಂಬ ವಸ್ತುವನ್ನು ದೇಹದಲ್ಲಿ ಉಳಿಸಿ, ಕೆಲವರಿಗೆ ಒಣ ಕೆಮ್ಮು ತರುತ್ತವಂತೆ. ಅದು ಮಾತ್ರೆ ಆರಂಭಿಸಿ ತಿಂಗಳುಗಳಾದ ಮೇಲೆಯೂ ಶುರುವಾಗಬಹುದಂತೆ. ಆ ಹಾಳೆ ದೊಡ್ಡ ಆಸ್ಪತ್ರೆಗೆ ಹೋದಾಗಲೂ ನನ್ನ ಕಿಸೆಯಲ್ಲೇ ಇತ್ತು.

ಹಾಗೆಂದು ಅಷ್ಟಕ್ಕೇ ತೀರ್ಮಾನಿಸಲಿಲ್ಲ. ಹಳೆಯ ಸ್ಕ್ಯಾನಿನ ಚಿತ್ರಗಳನ್ನು ತಾವೇ ನೋಡಿದರು, ಶ್ವಾಸಕೋಶದ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯನ್ನೂ ಮಾಡಿಸಿದರು. ಮೂಗಿಗೆ ಕ್ಲಿಪ್ ಹಾಕಿ, ಎದೆತುಂಬ ಉಸಿರೆಳೆದು, ಒಂದೇ ಸಲಕ್ಕೆ ಬಲವಾಗಿ ಕೊಳವೆಗೆ ಊದಿ, ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಮುಂದುವರಿಸಬೇಕು. ಉಸಿರ್ನಾಳ ಸಡಿಲಿಸುವ ಮದ್ದನ್ನು ಸೇದಿಸಿ, ಕಾಲು ಗಂಟೆಯ ಬಳಿಕ ಮತ್ತೆ ಊದಿಸಿದರು. ವ್ಯತ್ಯಾಸ ಕಾಣಲಿಲ್ಲ, ಎಂದರೆ ಅಸ್ತಮಾದ ಸುಳಿವು ಸಿಗಲಿಲ್ಲ. ರಾಮಿಪ್ರಿಲ್ ಬದಲಿಗೆ ಬೇರೆ ವರ್ಗದ ಬಿ.ಪಿ. ಮಾತ್ರೆಯಾದ ಟೆಲ್ಮಿಸಾರ್ಟನ್ ಬರೆದು, ಬಿ.ಪಿ. ಮಾತ್ರೆಯನ್ನು ನಾವಾಗಿ ಎಂದೂ ನಿಲ್ಲಿಸಬಾರದೆಂದು ಎಚ್ಚರಿಸಿ, ಪೂರ್ತಿ ಗುಣಕ್ಕೆ ಕೆಲವರಿಗೆ 3 ತಿಂಗಳೂ ಬೇಕಾಗಬಹುದೆಂದರು. ನನಗೆ ಮೂರನೆಯ ವಾರ ಕೆಮ್ಮು ಇಳಿಯಿತು, ಆರನೆಯ ವಾರಕ್ಕೆ ನಿಂತಿತು.

ಕೊರತೆಗಳೂ ಇವೆ. ಟೋಕನ್ ಕೊಟ್ಟರೂ ಎರಡೂವರೆ ಗಂಟೆ ಕಾಯಿಸಿದರು. ಊದುವ ಕ್ರಮವನ್ನು ಮಲಯಾಳದಲ್ಲಿ ಮಾತ್ರ ಹೇಳಿದ್ದರಿಂದ ನನ್ನ ಮೊದಲೆರಡು ಊದುಗಳು ವ್ಯರ್ಥವಾದವು. ಕನ್ನಡದ ರೋಗಿಗಳೇ ಅರ್ಧದಷ್ಟಿರುವಲ್ಲಿ ಗೋಡೆಗೊಂದು ಕನ್ನಡದ ಸೂಚನೆ ಅಂಟಿಸುವುದು ಕಷ್ಟದ ಕೆಲಸವಲ್ಲ. ಇನ್‌ಹೇಲರ್ ಬಳಸುವವರು ಟೋಕನ್ ಪಡೆಯುವಾಗಲೇ ಅದನ್ನು ತಿಳಿಸಬೇಕು. ಪರೀಕ್ಷೆಗೆ ಮುನ್ನ ಕೆಲವು ಗಂಟೆ ಅದನ್ನು ಬಿಡಬೇಕಾಗುತ್ತದೆ.