ಕರೆಂಟು ಹೋದಾಗ ಬ್ಯಾಕಪ್ ಡಿಸ್ಕ್: ಮೂರು ವಿಧಾನಗಳ ಹೋಲಿಕೆ

ಹಾಸನದಲ್ಲಿ ನಮ್ಮದು ಮದುವೆ ಫೋಟೊ ತೆಗೆಯುವ ಸಣ್ಣ ಸ್ಟುಡಿಯೊ. ಮಳೆಗಾಲದಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ; ಪ್ರತ್ಯೇಕ ಅಡಾಪ್ಟರ್ ಬೇಡುವ ಮೂರೂವರೆ ಇಂಚಿನ ಬ್ಯಾಕಪ್ ಡಿಸ್ಕ್ ಆ ಕ್ಷಣವೇ ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಪಾಲಿಗೆ ಅದು ಯಾರೋ ಕೇಬಲ್ ಕಿತ್ತಂತೆ. ಧಾರೆಯ ಫೋಟೊ ಎರಡನೇ ಸಲ ಸಿಗುವುದಿಲ್ಲ. ಅದಕ್ಕೇ ಹಳೆಯ ಡಿಸ್ಕೊಂದನ್ನು ಇಟ್ಟುಕೊಂಡು, ಬೇಕೆಂದೇ ಕೇಬಲ್ ಕಿತ್ತು, ಡಿಸ್ಕನ್ನು ಮೌಂಟ್ ಮಾಡುವ, ಅಂದರೆ ಒಂದು ಫೋಲ್ಡರಿನ ಮೂಲಕ ಬಳಕೆಗೆ ಜೋಡಿಸುವ ಮೂರು ವಿಧಾನಗಳನ್ನು ಪರೀಕ್ಷಿಸಿದೆ.

ಮೊದಲನೆಯದು, ಲಿನಕ್ಸಿನ ಡೆಸ್ಕ್‌ಟಾಪ್ ತಂತ್ರಾಂಶ ತಾನಾಗಿಯೇ ಮೌಂಟ್ ಮಾಡುವುದು, ಕೈಯಾರೆ ನಕಲು ಮಾಡುವವರಿಗೆ ಸಾಕು. ತಾನೇ ಬ್ಯಾಕಪ್ ಮಾಡುವ ಸ್ಕ್ರಿಪ್ಟಿಗೆ (ಆದೇಶಗಳ ಫೈಲಿಗೆ) ಆಗದು. ಡಿಸ್ಕ್ ಇಲ್ಲದಾಗ ನನ್ನ ಸ್ಕ್ರಿಪ್ಟ್ ಅದೇ ಹೆಸರಿನ ಫೋಲ್ಡರ್ ಸೃಷ್ಟಿಸಿತು. ಮತ್ತೆ ಚುಚ್ಚಿದಾಗ ಡಿಸ್ಕ್ ಬೇರೆ ಜಾಗದಲ್ಲಿ, ಹೆಸರಿನ ಕೊನೆಗೆ 1 ಅಂಟಿಸಿಕೊಂಡು ಕುಳಿತಿತ್ತು.

ಎರಡನೆಯದು ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಸ್ಟ್ಯಾಬ್ (fstab) ಫೈಲಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಯಾದ ಯುಯುಐಡಿ ಬರೆದು, ಡಿಸ್ಕ್ ಸಿಗದಿದ್ದರೂ ಮುಂದುವರಿ ಎನ್ನುವ ‘ನೋಫೇಲ್’ (nofail) ಸೇರಿಸುವುದು. ಜಾಗ ಬದಲಾಗುವುದಿಲ್ಲ, ಡಿಸ್ಕ್ ಇಲ್ಲದಿದ್ದರೂ ಯಂತ್ರ ಬೂಟ್ ಆಗುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಒಂದು ಬೆಳಿಗ್ಗೆ ಅಡಾಪ್ಟರ್ ಆಫ್ ಆಗಿದ್ದಾಗ ಲ್ಯಾಪ್‌ಟಾಪ್ ಮರುಚಾಲನೆಯಾಗಿತ್ತು. ರಾತ್ರಿ ಫೈಲ್ ನಕಲು ಮಾಡುವ ಆರ್‌ಸಿಂಕ್ (rsync) ಎಂದಿನಂತೆ ಓಡಿತು, ದೋಷವನ್ನೇ ತೋರಿಸಲಿಲ್ಲ. ಆದರೆ ಅದು ಬರೆದದ್ದು ಡಿಸ್ಕ್ ಮೌಂಟ್ ಆಗಬೇಕಿದ್ದ ಖಾಲಿ ಫೋಲ್ಡರಿನೊಳಕ್ಕೆ, ಅಂದರೆ ಲ್ಯಾಪ್‌ಟಾಪಿನದೇ ಒಳಗಿನ ಸಂಗ್ರಹವಾದ ಎಸ್‌ಎಸ್‌ಡಿಗೆ. ಎಸ್‌ಎಸ್‌ಡಿ ಭರ್ತಿಯಾದಾಗಲೇ ನನಗೆ ತಿಳಿದದ್ದು. ಬ್ಯಾಕಪ್ ಆಗಿದೆ ಎಂದು ನಂಬಿ ಕ್ಯಾಮೆರಾ ಕಾರ್ಡ್ ಅಳಿಸಿಬಿಟ್ಟಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಈ ವಿಧಾನವೇ ಬೇಕೆನ್ನುವವರು ಡಿಸ್ಕ್ ಮೌಂಟ್ ಆಗಿಲ್ಲದಾಗ ಆ ಖಾಲಿ ಫೋಲ್ಡರಿಗೆ ಬದಲಾವಣೆ ತಡೆಯುವ ‘ಚ್ಯಾಟರ್ ಪ್ಲಸ್ ಐ’ (chattr +i) ಆದೇಶ ಹಾಕಲಿ. ಆಗ ಎಲ್ಲ ಅಧಿಕಾರವಿರುವ ರೂಟ್ ಖಾತೆ ಕೂಡ ಅದರೊಳಗೆ ಫೈಲ್ ಸೃಷ್ಟಿಸಲಾರದು.

ನಾನು ಉಳಿಸಿಕೊಂಡದ್ದು ಮೂರನೆಯದನ್ನು: ಎಫ್‌ಸ್ಟ್ಯಾಬಿನ ಅದೇ ಸಾಲಿಗೆ, ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಆಟೋಮೌಂಟ್ ಆಯ್ಕೆ. ಫೋಲ್ಡರನ್ನು ಮುಟ್ಟಿದಾಗಷ್ಟೇ ಡಿಸ್ಕ್ ಮೌಂಟ್ ಆಗುತ್ತದೆ. ಡಿಸ್ಕ್ ಇಲ್ಲದಿದ್ದರೆ ಸ್ವಲ್ಪ ಕಾದು ದೋಷ ಕೊಡುತ್ತದೆ, ಎಸ್‌ಎಸ್‌ಡಿಗೆ ಒಂದು ಬೈಟೂ ಬೀಳುವುದಿಲ್ಲ. ಕಾಯುವ ಅವಧಿ ಸಾಮಾನ್ಯವಾಗಿ 90 ಸೆಕೆಂಡು. ನಾನು 10ಕ್ಕೆ ಇಳಿಸಿದ್ದೇನೆ. ಒಂದು ನಿಮಿಷ ಕೆಲಸವಿಲ್ಲದಿದ್ದರೆ ತಾನೇ ಅನ್‌ಮೌಂಟ್ ಆಗುವಂತೆಯೂ ಹೇಳಿದ್ದೇನೆ. ಆಮೇಲೆ ಕರೆಂಟು ಹೋದರೂ ಚಿಂತೆಯಿಲ್ಲ.

ಬರೆಯುತ್ತಿರುವಾಗಲೇ ಹೋದರೆ? ಲಿನಕ್ಸ್ ಹೊಸ ದತ್ತಾಂಶವನ್ನು ಸಾಮಾನ್ಯವಾಗಿ 30 ಸೆಕೆಂಡಿನವರೆಗೆ ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು, ಅದು ಹೋದಂತೆಯೇ. ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನಗಳಲ್ಲಿ, ಜರ್ನಲ್ (ಬದಲಾವಣೆಗಳ ದಾಖಲೆ) ಇರುವ ಎಕ್ಸ್ಟ್4 (ext4) ಮತ್ತೆ ಚುಚ್ಚಿದಾಗ ಪ್ರತಿ ಸಲ ಎದ್ದು ನಿಂತಿತು. ಜರ್ನಲ್ ಇಲ್ಲದ ಎಕ್ಸ್‌ಫ್ಯಾಟ್ (exFAT) ಅನ್ನು ಎರಡು ಸಲ ದುರಸ್ತಿ ಮಾಡಬೇಕಾಯಿತು. ಆರ್‌ಸಿಂಕ್ ಮೊದಲು ಚುಕ್ಕಿಯಿಂದ ಆರಂಭವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆಯುವುದರಿಂದ, ಅರ್ಧಕ್ಕೆ ನಿಂತ ಫೋಟೊ ಡಿಸ್ಕ್‌ನಲ್ಲಿ ಹಾಗೆಯೇ ಅಡಗಿ ಉಳಿದಿತ್ತು. ಅದನ್ನು ಅಳಿಸಿ, ಆರ್‌ಸಿಂಕ್ ಇನ್ನೊಮ್ಮೆ ಓಡಿಸಿದೆ. ಸ್ಕ್ರಿಪ್ಟಿನ ಕೊನೆಯಲ್ಲಿ ಈಗ, ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಸುವ ‘ಸಿಂಕ್’ (sync) ಆದೇಶವಿದೆ. ಅದು ಮುಗಿಯುವ ತನಕ ಕ್ಯಾಮೆರಾ ಕಾರ್ಡನ್ನು ಯಾರೂ ಮುಟ್ಟುವುದಿಲ್ಲ.