ಬೇಸಿಗೆ ರಂಗಶಿಬಿರಕ್ಕೆ ಒಪ್ಪಿಕೊಳ್ಳುವ ಮುನ್ನ ಇದನ್ನು ಓದಿ

ಮೊನ್ನೆ ಹಾಸನದ ಬಸ್ ನಿಲ್ದಾಣದ ಬಳಿ ಒಂದು ಭಿತ್ತಿಪತ್ರ ಕಂಡೆ. ಮಕ್ಕಳ ಬೇಸಿಗೆ ರಂಗಶಿಬಿರ, 21 ದಿನ, ನುರಿತ ರಂಗಕರ್ಮಿಗಳಿಂದ ತರಬೇತಿ ಎಂದೆಲ್ಲ ಬರೆದಿತ್ತು. ಮೂಲೆಯಲ್ಲಿ ಬಿದಿರಿನ ಗಳು ಹಿಡಿದು ನಿಂತ ಹುಡುಗಿಯ ಚಿತ್ರ. ನೋಡಿದ ಕೂಡಲೇ ಗುರುತು ಸಿಕ್ಕಿತು. ಹೋದ ವರ್ಷ ಅದೇ ಶಿಬಿರದಲ್ಲಿ ನಾನು ಕಲಿಸಿದ ಹುಡುಗಿ ಅವಳು. ಅಲ್ಲೇ ನಿಂತು ಅವಳ ತಂದೆಗೆ ಫೋನ್ ಮಾಡಿದೆ. ಮಗಳ ಚಿತ್ರ ಹಾಸನದ ಗೋಡೆಗಳ ಮೇಲಿರುವುದು ಅವರಿಗೆ ಗೊತ್ತೇ ಇರಲಿಲ್ಲ.

ಇಷ್ಟು ದಿನ ಸುಮ್ಮನಿದ್ದೆ. ಇನ್ನು ಸುಮ್ಮನಿದ್ದರೆ ಅದು ತಪ್ಪಾಗುತ್ತದೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇಂಥ ಶಿಬಿರಗಳು ಅದೊಂದೇ ಅಲ್ಲ, ಚಿಕ್ಕಮಗಳೂರಿನಲ್ಲೂ ನನ್ನ ಇಬ್ಬರು ಗೆಳೆಯರಿಗೆ ಹೆಚ್ಚುಕಡಿಮೆ ಹೀಗೇ ಆಗಿದೆ. ಲಕ್ಷಣಗಳನ್ನು ಹೇಳುತ್ತೇನೆ. ನಾಟಕ ಕಲಿಸಲು ಹೋಗುವವರು, ಮಕ್ಕಳನ್ನು ಕಳಿಸುವವರು ಇಬ್ಬರೂ ಗಮನವಿಟ್ಟು ಓದಿ.

ನಾನು ಬೇಲೂರಿನವಳು. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ ಕಲಿತು, ಬಳಿಕ ಅದರ ಸಂಚಾರಿ ನಾಟಕ ತಂಡವಾದ ತಿರುಗಾಟದೊಂದಿಗೆ ಊರೂರು ಸುತ್ತಿದವಳು. ಈಗ ಹತ್ತು ವರ್ಷಗಳಿಂದ ಶಾಲೆಗಳಲ್ಲಿ, ಶಿಬಿರಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೇನೆ. ನನ್ನಂಥವರಿಗೆ ಏಪ್ರಿಲ್ ಮತ್ತು ಮೇ ತಿಂಗಳೇ ಸುಗ್ಗಿ. ಆ ಎರಡು ತಿಂಗಳ ದುಡಿಮೆಯಲ್ಲಿ ಮಳೆಗಾಲ ಕಳೆಯಬೇಕು.

ಹೋದ ವರ್ಷ ಮಾರ್ಚಿನಲ್ಲಿ ಸಂಘಟಕರು ಫೋನ್ ಮಾಡಿದರು. ಬಹಳ ಗೌರವದ ಮಾತು. ಏಪ್ರಿಲ್ 15ರಿಂದ ಮೇ 5ರವರೆಗೆ ಶಿಬಿರ, 10ರಿಂದ 15 ವರ್ಷದ 30 ಮಕ್ಕಳು, ಜೊತೆಗೆ ಇನ್ನೊಬ್ಬ ತರಬೇತುದಾರ, ಕೊನೆಯ ದಿನ ಹಾಸನಾಂಬ ಕಲಾಕ್ಷೇತ್ರದಲ್ಲಿ ಪ್ರದರ್ಶನ. ಗೌರವಧನ 45,000 ರೂಪಾಯಿ, ಅದರಲ್ಲಿ 10,000 ಮುಂಗಡ. "ಮೇಡಂ, ಹಣದ ವಿಚಾರದಲ್ಲಿ ನೀವು ತಲೆ ಕೆಡಿಸಿಕೊಳ್ಳಬೇಡಿ, ನೀವು ಕಲಾವಿದರು" ಎಂದರು. ಆ ಮಾತಿಗೆ ನನಗೆ ಸಂತೋಷವೇ ಆಯಿತು. ಕರಾರುಪತ್ರ ಕೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಅನೇಕರಿಗೆ ಈ ಸಂಕೋಚವಿದೆ. ಹಣದ ಮಾತೆತ್ತಿದರೆ ಕಲೆಗೆ ಎಲ್ಲಿ ಅಗೌರವವಾಗುತ್ತದೋ ಎಂದು ಅಳುಕುತ್ತೇವೆ. ಎಷ್ಟು ಮಕ್ಕಳು, ಎಲ್ಲಿ, ಯಾರ ಉಸ್ತುವಾರಿ ಎಂದು ಕೇಳುವುದಕ್ಕೂ ಹಿಂಜರಿಯುತ್ತೇವೆ. ಪ್ರಯಾಣ ಭತ್ಯೆಯನ್ನು ಮಾತ್ರ ಹೇಗೋ ಕೇಳಿದೆ. "ಹೆಂಗಸರಿಗೆ ಬಸ್ ಉಚಿತವಲ್ಲವೇ ಮೇಡಂ" ಎಂದರು. ಶಕ್ತಿ ಯೋಜನೆಯ ಚೀಟಿ ಸರ್ಕಾರ ನನಗೆ ಕೊಟ್ಟದ್ದು, ಅವರಿಗೆ ಕೊಟ್ಟದ್ದಲ್ಲ ಎಂದು ಆಗಲೇ ಹೇಳಬೇಕಿತ್ತು.

ಮೊದಲ ದಿನ ಹಗರೆ ದಾಟಿ ಹಾಸನ ತಲುಪಿ ಸಭಾಂಗಣದೊಳಗೆ ಕಾಲಿಟ್ಟಾಗ ಅಲ್ಲಿದ್ದದ್ದು 58 ಮಕ್ಕಳು. ಐದು ವರ್ಷದ ಪುಟ್ಟವಳೂ ಇದ್ದಳು, ಮೀಸೆ ಚಿಗುರುತ್ತಿದ್ದ ಹದಿನಾರರ ಹುಡುಗನೂ ಇದ್ದ. ತಗಡಿನ ಮಾಡಿನ ಜಾಗ, ಹನ್ನೊಂದು ಗಂಟೆಯ ಹೊತ್ತಿಗೆ ಕಾದ ಕಾವಲಿ. ಇದ್ದದ್ದು ಒಂದೇ ಶೌಚಾಲಯ, ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ಹೋಗಿ, ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಮೂರು ದಿನ ಹೇಳಿ ಸಾಕಾಗಿ, ನಾಲ್ಕನೆಯ ದಿನ ನಾನೇ ಚಿಲಕ ಕೊಂಡುತಂದು ಹಾಕಿಸಿದೆ. ಇನ್ನೊಬ್ಬ ತರಬೇತುದಾರ ಎಂದಿದ್ದರಲ್ಲ, ಬಂದವನು ಪದವಿ ಓದುತ್ತಿದ್ದ ಒಬ್ಬ ಹುಡುಗ. ಅವನೂ ನಾಲ್ಕು ದಿನವಾದ ಮೇಲೆ ಬರಲಿಲ್ಲ.

ಶಿಬಿರದ ಕರಪತ್ರ ನನ್ನ ಕೈಗೆ ಸಿಕ್ಕಿದ್ದು ಆಮೇಲೆ. ಅದರಲ್ಲಿ ನನ್ನನ್ನು ರಂಗಾಯಣದ ಕಲಾವಿದೆ ಎಂದು ಅಚ್ಚು ಹಾಕಿಸಿದ್ದರು. ಆ ಸರ್ಕಾರಿ ರಂಗಸಂಸ್ಥೆಯಲ್ಲಿ ನಾನು ಒಂದು ದಿನವೂ ಕೆಲಸ ಮಾಡಿದವಳಲ್ಲ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದ ಹೆಸರು ಕೇಳಿದ ತಂದೆತಾಯಿಗಳು, ಅಂಥದ್ದೇ ಒಂದು ಶಿಬಿರ ಹಾಸನಕ್ಕೂ ಬಂತೆಂದು ನಂಬಿ, ಒಂದೊಂದು ಮಗುವಿಗೆ 4,500 ರೂಪಾಯಿ ಕಟ್ಟಿದ್ದರು. ತಿದ್ದಿಸಿ ಎಂದೆ. "ಮುಂದಿನ ಸಲ ನೋಡೋಣ ಮೇಡಂ" ಎಂದರು. ನಾನೇ ಪೋಷಕರನ್ನು ಕರೆದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮಕ್ಕಳು ಆಗಲೇ ನನ್ನನ್ನು ಅಕ್ಕ ಎಂದು ಕರೆಯತೊಡಗಿದ್ದರು, ಶಿಬಿರ ನಡುವೆ ನಿಂತುಹೋಗುವುದು ಬೇಡವೆನಿಸಿತು.

58 ಮಕ್ಕಳಿಗೆ ಒಬ್ಬಳೇ ನಾಟಕ ಕಲಿಸಲು ಆಗುವುದಿಲ್ಲ. ಗಲಾಟೆಯಾಗದಂತೆ ಕೂರಿಸಬಹುದು, ಹಾಡು ಹೇಳಿಸಬಹುದು, ಅಷ್ಟೇ. ವೃತ್ತದಲ್ಲಿ ನಿಂತಾಗ ಪ್ರತಿ ಮಗುವಿನ ಕಣ್ಣೂ ನಮಗೆ ಕಾಣಬೇಕು. ಒಬ್ಬರ ಚಲನೆಯನ್ನು ಎದುರಿನವರು ಅನುಕರಿಸುವ ಕನ್ನಡಿಯಾಟ ಆಡಿಸುವಾಗ ಯಾವ ಮಗು ಇನ್ನೊಂದರ ಮುಂದೆ ಮುದುಡುತ್ತಿದೆ ಎಂದು ತಿಳಿಯಬೇಕು. ನನ್ನ ಅನುಭವದಲ್ಲಿ ಒಬ್ಬರಿಗೆ ಇಪ್ಪತ್ತೈದು ಮಕ್ಕಳು ಮಿತಿ, ಮೂವತ್ತು ಎಂದರೆ ಏದುಸಿರು. ಆದರೂ ಮಕ್ಕಳನ್ನು ಮೂರು ಗುಂಪು ಮಾಡಿ, ದೊಡ್ಡವರಿಗೆ ಚಿಕ್ಕವರ ಹೊಣೆ ಕೊಟ್ಟು, ಹಳೆಯ ಪತ್ರಿಕೆ ಮತ್ತು ಮೈದಾ ಅಂಟಿನಲ್ಲಿ ಮುಖವಾಡ ಮಾಡಿಸುತ್ತ ಹೇಗೋ ದಡ ಹತ್ತುತ್ತಿದ್ದೆ.

ನಾಟಕದ ವಸ್ತುವನ್ನು ಮಕ್ಕಳೇ ಆರಿಸಿದ್ದರು. ಆಲೂರು, ಸಕಲೇಶಪುರದ ಕಡೆಯಿಂದ ಬಂದವರು ಒಂದಷ್ಟು ಮಂದಿ ಇದ್ದರು. ಅವರಿಗೆ ಆನೆ ಎಂದರೆ ದಿನದ ಮಾತು. ಗದ್ದೆಗೆ ಆನೆ ಇಳಿದದ್ದು, ಶಾಲೆಗೆ ರಜೆ ಕೊಟ್ಟದ್ದು, ಪಟಾಕಿ ಸಿಡಿಸಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಭಿತ್ತಿಪತ್ರದಲ್ಲಿರುವ ಹುಡುಗಿ ಆಗ ಏಳನೆಯ ತರಗತಿ. ಉಳಿದವರೆಲ್ಲ ಘೀಳಿಡುತ್ತ ಧಡಧಡ ಹೆಜ್ಜೆ ಹಾಕುತ್ತಿದ್ದರೆ ಅವಳು ಎದ್ದು ನಿಂತು, "ಅಕ್ಕ, ಆನೆ ಹೀಗೆ ಬರುವುದಿಲ್ಲ. ಅದು ಸದ್ದೇ ಮಾಡುವುದಿಲ್ಲ. ಬಿದಿರು ಮುರಿದಾಗ ಮಾತ್ರ ಗೊತ್ತಾಗುತ್ತದೆ" ಎಂದಳು. ಮೂಲೆಯಲ್ಲಿದ್ದ ಗಳುವನ್ನು ಎತ್ತಿಕೊಂಡು, ಪಾದದ ಹೊರ ಅಂಚನ್ನು ಮೊದಲು ಊರಿ, ಆಮೇಲೆ ಇಡೀ ಪಾದ ಇಳಿಸುತ್ತ ಸಭಾಂಗಣದ ಉದ್ದಕ್ಕೂ ನಡೆದಳು. ಉಳಿದ 57 ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಹತ್ತು ವರ್ಷದಲ್ಲಿ ನಾನು ಕಂಡ ಅತ್ಯುತ್ತಮ ಅಭಿನಯಗಳಲ್ಲಿ ಅದೂ ಒಂದು. ನಾಟಕ ಅಲ್ಲಿಂದ ಬೆಳೆಯಿತು.

ಈಗ ನನಗೆ ಬರೆಯಲು ಕಷ್ಟವಾಗುವ ಭಾಗ. ಒಂಬತ್ತನೆಯ ದಿನ ದೊಡ್ಡ ಮಕ್ಕಳಿಗೆ ಒಂದು ಅಭ್ಯಾಸ ಕೊಟ್ಟೆ. ನಿಮ್ಮ ಮನೆಯಲ್ಲಿ ಸಂಜೆ ಏಳು ಗಂಟೆ, ಮಾತಿಲ್ಲದೆ ತೋರಿಸಿ. ಒಬ್ಬಳು ರೊಟ್ಟಿ ತಟ್ಟಿದಳು, ಒಬ್ಬ ಅಜ್ಜಿಯ ಕಾಲೊತ್ತಿದ. ಆಮೇಲೆ ಒಬ್ಬ ಹುಡುಗ ಬಂದು, ತೂರಾಡುತ್ತ ಮನೆಗೆ ಬರುವ ತಂದೆಯನ್ನು ಮಾಡಿ ತೋರಿಸಿದ. ಮಕ್ಕಳು ಮೊದಲು ನಕ್ಕರು. ಅವನು ಗೋಡೆ ತಡಕಿ, ಚಪ್ಪಲಿ ಬಿಡಲಾಗದೆ ಕೂತು, ಇಲ್ಲದ ಯಾರನ್ನೋ ಹೊಡೆಯಲು ಕೈಯೆತ್ತಿದಾಗ ನಗು ನಿಂತಿತು. ಅವನು ಕೈ ಇಳಿಸಿ ನನ್ನ ಕಡೆ ನೋಡಿದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಕ್ಕಳು ವೃತ್ತದೊಳಗೆ ತಮ್ಮ ಮನೆಯನ್ನು ಬಿಚ್ಚಿಡುವುದು ಅಲ್ಲಿರುವವರ ಮೇಲೆ ನಂಬಿಕೆಯಿಟ್ಟು. ಅಲ್ಲಿ ನಡೆದದ್ದು ಅಲ್ಲೇ ಉಳಿಯಬೇಕು. ಹೊರಗಿನವರು ಬಾಗಿಲಲ್ಲಿ ನಿಲ್ಲಲೂ ಕೂಡದು.

ಆದರೆ ಸಂಘಟಕರ ಕಡೆಯವನೊಬ್ಬ ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿದ್ದ. ನಾನು ನೋಡಲಿಲ್ಲ. ಅಂದು ಸಂಜೆಯೇ ಸಂಸ್ಥೆಯ ಪುಟದಲ್ಲಿ ನಗುವಿನ ಚಿಹ್ನೆಗಳೊಂದಿಗೆ, ಹಿನ್ನೆಲೆಗೆ ಹಾಸ್ಯದ ಸಂಗೀತ ಸೇರಿಸಿ ಅದನ್ನು ರೀಲ್ಸ್ ಮಾಡಿ ಹಾಕಿದ್ದರು. ಕೈಯೆತ್ತುವ ಭಾಗ ಕತ್ತರಿಸಿ, ತೂರಾಡುವುದಷ್ಟನ್ನು ಉಳಿಸಿಕೊಂಡಿದ್ದರು. ಅವನ ಬೀದಿಯವರೆಲ್ಲ ನೋಡಿದರು. ಮರುದಿನ ಅವನು ಬರಲಿಲ್ಲ. ಅವನ ತಾಯಿಗೆ ಫೋನ್ ಮಾಡಿದರೆ, "ನೀವೂ ಹೀಗೆ ಮಾಡಿಬಿಟ್ಟಿರಲ್ಲ ಮೇಡಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಆ ಮಾತು ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ಅದರಲ್ಲಿ ಸುಳ್ಳಿಲ್ಲ. ಆ ಕೋಣೆಯ ಹೊಣೆ ನನ್ನದಾಗಿತ್ತು.

ತೆಗೆಸಿ ಎಂದು ಸಂಘಟಕರ ಬಳಿ ಹೋದೆ. "ಎಂಟು ಸಾವಿರ ಜನ ನೋಡಿದ್ದಾರೆ, ಶಿಬಿರಕ್ಕೆ ಒಳ್ಳೆಯ ಪ್ರಚಾರ" ಎಂದರು. ಚಿತ್ರ ಮತ್ತು ವಿಡಿಯೊ ಬಳಸಲು ಅಡ್ಡಿಯಿಲ್ಲವೆಂದು ಪೋಷಕರೇ ಸಹಿ ಮಾಡಿದ್ದಾರೆಂದು ಪ್ರವೇಶ ಅರ್ಜಿ ತೋರಿಸಿದರು. ಹಿಂಬದಿಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಅದು ಇತ್ತು. ಎರಡು ದಿನ ಹಟ ಹಿಡಿದು, ತರಗತಿ ತೆಗೆದುಕೊಳ್ಳುವುದಿಲ್ಲ ಎಂದ ಮೇಲೆ ತೆಗೆದರು. ಅಂದಿನಿಂದ ನಾನು ಅವರಿಗೆ ಮೇಡಂ ಅಲ್ಲ. "ನೋಡಮ್ಮ, ಕಲಿಸುವುದು ನಿನ್ನ ಕೆಲಸ, ಉಳಿದದ್ದು ನಮಗೆ ಬಿಡು" ಎಂದರು.

ತಂದೆತಾಯಿಗಳೇ, ಪ್ರವೇಶ ಅರ್ಜಿಯ ಹಿಂಬದಿಯನ್ನು ಓದಿ. ಚಿತ್ರ ಬಳಸುವ ಸಾಲಿದ್ದರೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಇಡೀ ಅರ್ಜಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮಕ್ಕಳನ್ನು ಬಿಟ್ಟು ಹಾಗೇ ಹೊರಟುಬಿಡಬೇಡಿ, ಒಳಗೆ ಹೋಗಿ ಶೌಚಾಲಯದ ಬಾಗಿಲು ತೆಗೆದು ಮುಚ್ಚಿ ನೋಡಿ. ಶಿಬಿರ ಮುಗಿಯುವವರೆಗೂ ಅಲ್ಲೇ ಇರುವ ಹೆಂಗಸರು ಯಾರು ಎಂದು ಕೇಳಿ. ಕಲಿಸುವವರೊಂದಿಗೆ ನೇರವಾಗಿ ಐದು ನಿಮಿಷ ಮಾತಾಡಿ, ಕರಪತ್ರದಲ್ಲಿರುವುದು ನಿಜವೇ ಎಂದು ಅವರ ಬಾಯಿಂದಲೇ ಕೇಳಿ. ಹಾಗೆ ಒಬ್ಬರೇ ಒಬ್ಬರು ಕೇಳಿದ್ದರೂ ನಾನು ಸತ್ಯ ಹೇಳುತ್ತಿದ್ದೆ. ಮಗುವಿಗೆ ತೊಂದರೆಯಾದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೇಳಿದ್ದೊಂದು ಕೊಟ್ಟದ್ದೊಂದು ಆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ರಸೀದಿ ಮಾತ್ರ ಬೇಕು. ಈ ಶಿಬಿರದಲ್ಲಿ ಹೆಚ್ಚಿನವರಿಗೆ ರಸೀದಿಯನ್ನೇ ಕೊಟ್ಟಿರಲಿಲ್ಲ.

ಕೊನೆಯ ದಿನದ ಕಥೆ ಚಿಕ್ಕದು. ಕಲಾಕ್ಷೇತ್ರ ಸಿಗಲಿಲ್ಲ ಎಂದು ಹಿಂದಿನ ರಾತ್ರಿ ತಿಳಿಸಿ ಒಂದು ಕಲ್ಯಾಣ ಮಂಟಪಕ್ಕೆ ಬರಹೇಳಿದರು. ಆರು ಮಂದಿ ಅತಿಥಿಗಳ ಭಾಷಣ, ಸನ್ಮಾನ, ಸಿನಿಮಾ ಹಾಡುಗಳಿಗೆ ಕುಣಿತ. ನಲವತ್ತು ನಿಮಿಷದ ನಾಟಕಕ್ಕೆ ಉಳಿದದ್ದು ಹನ್ನೆರಡು ನಿಮಿಷ. ಆನೆ ನಡೆದುಬರುವ ದೃಶ್ಯ ಬರುವುದು ಹದಿನೈದನೆಯ ನಿಮಿಷಕ್ಕೆ. ಗಳು ಹಿಡಿದು ಆ ಹುಡುಗಿ ವೇದಿಕೆಯ ಪಕ್ಕದಲ್ಲಿ ನಿಂತೇ ಇದ್ದಳು. ಪ್ರಮಾಣಪತ್ರ ವಿತರಣೆ ಎಂದು ಮೈಕಿನಲ್ಲಿ ಕೂಗಿದರು. ಆಲೂರಿನಿಂದ ಬಂದಿದ್ದ ಅವಳ ಅಜ್ಜಿ, ನಮ್ಮ ಹುಡುಗಿಯದು ಯಾವಾಗ ಎಂದು ನನ್ನನ್ನು ಕೇಳಿದರು. ಭಿತ್ತಿಪತ್ರದಲ್ಲಿರುವುದು ಆಗ ತೆಗೆದ ಚಿತ್ರ.

ಇನ್ನು ಹಣ. ಉಳಿದ 35,000 ಮುಂದಿನ ವಾರ, ಮುಂದಿನ ವಾರ ಎಂದು ಸೆಪ್ಟೆಂಬರ್ ಬಂತು. ಆಗ ಬಂದದ್ದು 14,500. ಸಾಮಗ್ರಿ ಖರ್ಚು 6,000, ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) 4,500, ಪೂರ್ಣಾವಧಿಯ ನಾಟಕ ಆಗದ ಕಾರಣ 10,000 ಕಡಿತ ಎಂದು ಲೆಕ್ಕ ಕೊಟ್ಟರು. ನಾಟಕವನ್ನು ಕತ್ತರಿಸಿದವರು ಅವರೇ. ಟಿಡಿಎಸ್ ನಿಜವಾಗಿ ಕಟ್ಟಿದ್ದರೆ ಅದು ನಮ್ಮ ಪ್ಯಾನ್ ಸಂಖ್ಯೆಯ ತೆರಿಗೆ ವಿವರದಲ್ಲಿ ಕಾಣಬೇಕು, ಅವರು ಟಿಡಿಎಸ್ ಪ್ರಮಾಣಪತ್ರ ಕೊಡಬೇಕು. ನಾನು ತೆಗೆದು ನೋಡಿದೆ, ಒಂದು ರೂಪಾಯಿಯೂ ಇರಲಿಲ್ಲ. ಕಲಾವಿದರು ಇದನ್ನು ಖಂಡಿತ ನೋಡಿಕೊಳ್ಳಿ, ತೆರಿಗೆಯ ಹೆಸರು ಹೇಳಿದರೆ ನಾವು ಬಾಯಿ ಮುಚ್ಚುತ್ತೇವೆ ಎಂದು ಇವರಿಗೆ ಗೊತ್ತು.

ವಕೀಲರಿಂದ ನೋಟಿಸ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಬಾಕಿ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ. ನನ್ನ ಬಳಿ ಕರಾರುಪತ್ರವಿಲ್ಲ, 45,000 ಎಂದು ಅವರು ಹೇಳಿದ ಒಂದು ವಾಟ್ಸ್‌ಆ್ಯಪ್ ಧ್ವನಿ ಸಂದೇಶವಷ್ಟೇ ಆಧಾರ. ಅದನ್ನೂ ಅಳಿಸಿಬಿಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ. ಈಗ ನಾನು ಯಾವ ಶಿಬಿರಕ್ಕೂ ಒಂದು ಪುಟದ ಪತ್ರವಿಲ್ಲದೆ ಹೋಗುವುದಿಲ್ಲ. ಮಕ್ಕಳ ಸಂಖ್ಯೆ ಮತ್ತು ವಯಸ್ಸು, ಸಹಾಯಕರು, ಜಾಗ, ಪ್ರದರ್ಶನದ ಅವಧಿ, ನನ್ನ ಒಪ್ಪಿಗೆಯಿಲ್ಲದೆ ತಾಲೀಮಿನೊಳಗೆ ಕ್ಯಾಮೆರಾ ಇಲ್ಲ ಎಂಬ ಮಾತು, ಅರ್ಧ ಹಣ ಮೊದಲು, ಉಳಿದದ್ದು ಪ್ರದರ್ಶನದ ಹಿಂದಿನ ದಿನ. ಇಷ್ಟು ಬರೆದು ಕಳಿಸಿದಾಗ ಈ ವರ್ಷ ಇಬ್ಬರು ಸಂಘಟಕರು ಮತ್ತೆ ಫೋನ್ ಮಾಡಲಿಲ್ಲ. ಹೊಳೆನರಸೀಪುರದ ಒಂದು ಶಾಲೆಯವರು ಓದಿ, ಸಹಿ ಮಾಡಿ, ಶೌಚಾಲಯ ಎರಡಿವೆ ಎಂದು ತಾವಾಗಿಯೇ ಬರೆದು ಕಳಿಸಿದರು.

ಭಿತ್ತಿಪತ್ರದಲ್ಲಿ ಈ ಸಲ ಹೆಸರಿರುವುದು ನನಗಿಂತ ಕಿರಿಯ ಕಲಾವಿದನದು. ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದ್ದೇನೆ. ಮುಂಗಡ ಪಡೆದಾಗಿದೆ ಅಕ್ಕ, ಹೇಗೆ ಬಿಡಲಿ ಎಂದ. ಬಿಡಬೇಡ, ಪತ್ರ ಕೇಳು ಎಂದೆ. ಆಲೂರಿನ ಹುಡುಗಿಯ ತಂದೆ ಮಗಳ ಚಿತ್ರ ತೆಗೆಸುವಂತೆ ಲಿಖಿತವಾಗಿ ಕೊಟ್ಟಿದ್ದಾರೆ. ಹೋದ ವರ್ಷದ ಉಳಿದ ಪೋಷಕರಲ್ಲಿ ಯಾರಾದರೂ ದೂರು ಕೊಡುವುದಾದರೆ ನಾನು ಬಂದು ಹೇಳಿಕೆ ಕೊಡುತ್ತೇನೆ. 58 ಮಕ್ಕಳ ಹಾಜರಿ ಪುಸ್ತಕ ನನ್ನ ಬಳಿಯೇ ಇದೆ.