'ಔಷಧವಿಲ್ಲ' ಎಂದೇ ಬರೆದು ಮಾರುವ ಗುಳಿಗೆ: ಕೊಳ್ಳುವ ಮೊದಲು, ನುಂಗುವ ಮೊದಲು

ಡಬ್ಬಿಯ ಮೇಲೆ 'ಪ್ಲಾಸಿಬೊ' ಎಂದೇ ಅಚ್ಚಾಗಿರುತ್ತದೆ. ಒಳಗಿನ ಕ್ಯಾಪ್ಸೂಲ್‌ನಲ್ಲಿ ಔಷಧದ ಅಂಶ ಸೊನ್ನೆ. ಇದನ್ನು ಮುಚ್ಚುಮರೆಯಿಲ್ಲದೆ ಮಾರುವವರಿದ್ದಾರೆ, ಗೊತ್ತಿದ್ದೇ ತರಿಸಿಕೊಳ್ಳುವವರೂ ಇದ್ದಾರೆ. ರೋಗಿಗೆ ಗೊತ್ತಾಗದಂತೆ ಕೊಟ್ಟರೆ ತಾನೇ ಪ್ಲಾಸಿಬೊ ನಾಟುವುದು, ಗುಟ್ಟು ರಟ್ಟಾದ ಮೇಲೆ ನುಂಗಿ ಏನು ಬಂತು ಎಂಬ ಅನುಮಾನ ಸಹಜ. ಇಲ್ಲಿ ತೂಗಿ ನೋಡಿರುವುದು ಯಾವುದೋ ಒಂದು ಬ್ರಾಂಡನ್ನಲ್ಲ, ಈ ಬಗೆಯ ಸರಕನ್ನೇ. ಒಳಗೆ ಏನೂ ಇಲ್ಲದ ಮೇಲೆ ಬ್ರಾಂಡುಗಳ ನಡುವೆ ಹೋಲಿಕೆ ಮಾಡುವುದಾದರೂ ಏನನ್ನು? ಡಬ್ಬಿಯೊಳಗಿನ ವಿವರಣೆಯ ಚೀಟಿಯನ್ನು ಹೋಲಿಸಬಹುದು, ಅಷ್ಟೆ.

ಅನುಮಾನಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು 2010ರಲ್ಲಿ. ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು ಐಬಿಎಸ್ (ಹೊಟ್ಟೆನೋವು, ಭೇದಿ, ಮಲಬದ್ಧತೆ ಮರುಕಳಿಸುವ ಕರುಳಿನ ತೊಂದರೆ) ಇರುವ 80 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 'ಇದರಲ್ಲಿ ಔಷಧವಿಲ್ಲ' ಎಂದು ಹೇಳಿಯೇ ದಿನಕ್ಕೆ ಎರಡು ಬಾರಿ ಗುಳಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಗುಳಿಗೆ ಇಲ್ಲ, ವೈದ್ಯರ ಭೇಟಿ ಮಾತ್ರ ಎರಡೂ ಗುಂಪಿಗೆ ಒಂದೇ ಸಮ. ಮೂರು ವಾರ ಕಳೆದಾಗ ತಕ್ಕಮಟ್ಟಿಗೆ ಉಪಶಮನ ಸಿಕ್ಕಿದೆ ಎಂದವರು ಗುಳಿಗೆಯ ಗುಂಪಿನಲ್ಲಿ ಶೇ 59, ಗುಳಿಗೆ ಇಲ್ಲದ ಗುಂಪಿನಲ್ಲಿ ಶೇ 35. 2016ರಲ್ಲಿ ಲಿಸ್ಬನ್‌ನಲ್ಲಿ ಹಳೆಯ ಬೆನ್ನುನೋವಿನವರ ಮೇಲೆ ಇದೇ ಪರೀಕ್ಷೆ ನಡೆಯಿತು. ನಡೆಯುತ್ತಿದ್ದ ಚಿಕಿತ್ಸೆಯ ಜೊತೆಗೆ ಪ್ಲಾಸಿಬೊ ನುಂಗಿದವರ ನಿತ್ಯದ ನೋವು ಶೇ 30ರಷ್ಟು ಇಳಿಯಿತು, ಬರೀ ಚಿಕಿತ್ಸೆಯವರದು ಶೇ 9. 2021ರಲ್ಲಿ 262 ಐಬಿಎಸ್ ರೋಗಿಗಳ ಪರೀಕ್ಷೆಯಲ್ಲಿ ಹೇಳಿ ಕೊಟ್ಟ ಪ್ಲಾಸಿಬೊಗೂ ಹೇಳದೆ ಕೊಟ್ಟದ್ದಕ್ಕೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಒಂದು ಕೊಂಕಿದೆ. 2010ರ ಪರೀಕ್ಷೆಗೆ ಜನರನ್ನು ಕರೆದ ಜಾಹೀರಾತಿನಲ್ಲೇ ಮನಸ್ಸು–ದೇಹದ ಹೊಸ ಚಿಕಿತ್ಸೆ ಎಂಬ ಮಾತಿತ್ತು. ಅದನ್ನು ಓದಿ ಬರುವವರು ಅರ್ಧ ದಾರಿ ಆಗಲೇ ನಡೆದು ಬಂದಿರುತ್ತಾರೆ. ನೋವು ಎಷ್ಟಿದೆ ಎಂದು ಹೇಳುವುದೂ ಅವರೇ.

ಹಾಗೆಂದು ಎಲ್ಲವೂ ಬರೀ ಬಾಯಿಮಾತಲ್ಲ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ, ಪ್ಲಾಸಿಬೊದಿಂದ ನೋವು ಇಳಿದವರಿಗೆ ನಲೊಕ್ಸೋನ್ ಕೊಟ್ಟಾಗ ನೋವು ಏರಿತು. ನಲೊಕ್ಸೋನ್ ಅಂದರೆ ಅಫೀಮಿನ ಜಾತಿಯ ನೋವುನಿವಾರಕಗಳನ್ನು ತಡೆಯುವ ಮದ್ದು. ಮಿದುಳು ತನ್ನದೇ ನೋವುನಿವಾರಕವನ್ನು ಸುರಿಸುತ್ತಿತ್ತು ಎಂಬುದಕ್ಕೆ ಅದು ಸುಳಿವು. ನಾವು ಹಿಂದಿನಿಂದ 'ವೈದ್ಯರ ಕೈಗುಣ' ಎನ್ನುತ್ತಾ ಬಂದದ್ದರಲ್ಲಿ ಒಂದು ಪಾಲಾದರೂ ಇದೇ ಇರಬೇಕು.

ಇದರ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು 2011ರ ಆಸ್ತಮಾ ಅಧ್ಯಯನದಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ. ನಿಜವಾದ ಇನ್‌ಹೇಲರ್ ಎಳೆದವರಲ್ಲೂ ಹುಸಿ ಇನ್‌ಹೇಲರ್ ಎಳೆದವರಲ್ಲೂ ಹಗುರವಾಯಿತು ಎಂಬ ಅನಿಸಿಕೆ ಹೆಚ್ಚುಕಡಿಮೆ ಒಂದೇ ಸಮ, ಶೇ 50 ಮತ್ತು ಶೇ 45. ಉಸಿರಿನ ಅಳತೆ ತೆಗೆದರೆ ನಿಜವಾದದ್ದು ಶೇ 20 ಸುಧಾರಿಸಿತ್ತು, ಹುಸಿಯದು ಸುಮಾರು ಶೇ 7. ಏನೂ ಕೊಡದವರಲ್ಲೂ ಅದು ಶೇ 7ರ ಆಸುಪಾಸೇ. ಅಂದರೆ ಶ್ವಾಸನಾಳ ಬಿಗಿದೇ ಇದೆ, ಹಗುರ ಅನ್ನಿಸುತ್ತಿದೆ. ಇದು ಗುಣವಲ್ಲ, ಅಪಾಯ. ನೋವು, ಹೊಟ್ಟೆ ತೊಳಸು, ದಣಿವಿನಂಥ ಅನುಭವಕ್ಕೆ ಬರುವ ತೊಂದರೆಗಳಿಗೆ ಮಾತ್ರ ಈ ಡಬ್ಬಿ. ಸೋಂಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾಕ್ಕೆ ಇದನ್ನು ಮುಟ್ಟಲೇಬಾರದು. ಬೆನ್ನುನೋವಿನ ಜೊತೆ ಕಾಲು ಸೋಲುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಹೊಟ್ಟೆಯ ತೊಂದರೆಯೊಂದಿಗೆ ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಮೊದಲು ವೈದ್ಯರು.

ಕೊಳ್ಳುವಾಗ ಒಳಗಿನ ಪದಾರ್ಥ ಓದಿ. ಮೈಕ್ರೊಕ್ರಿಸ್ಟಲೈನ್ ಸೆಲ್ಯುಲೋಸ್ ಇದ್ದರೆ ಒಳ್ಳೆಯದು. ಅದು ಸಸ್ಯದ ನಾರು, ಜೀರ್ಣವಾಗದೆ ಹೊರಗೆ ಹೋಗುತ್ತದೆ. ಲ್ಯಾಕ್ಟೋಸ್ ತುಂಬಿದ್ದರೆ ಹಾಲು ಒಗ್ಗದವರು, ಅದರಲ್ಲೂ ಐಬಿಎಸ್ ಇರುವವರು, ಬಿಡುವುದು ಲೇಸು. ಪ್ರಾಣಿಜನ್ಯ ಪದಾರ್ಥ ಬೇಡವೆನ್ನುವವರು ಕ್ಯಾಪ್ಸೂಲಿನ ಕವಚ ಜೆಲಟಿನ್‌ನದಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ವಿಟಮಿನ್, ಗಿಡಮೂಲಿಕೆ ಸೇರಿಸಿದ್ದೇವೆ ಎಂದಿದ್ದರೆ ಅದು ಪ್ಲಾಸಿಬೊ ಆಗಿ ಉಳಿಯಲಿಲ್ಲ. ಬಣ್ಣದ ವಿಷಯ ತಮಾಷೆಯಾಗಿದೆ: ಕೆಂಪು, ಹಳದಿ ಗುಳಿಗೆಯನ್ನು ಜನ ಚುರುಕುಗೊಳಿಸುವುದೆಂದೂ ನೀಲಿ, ಹಸಿರನ್ನು ಶಮನ ಮಾಡುವುದೆಂದೂ ಗ್ರಹಿಸುತ್ತಾರೆ. ಮಲಗುವ ಮುನ್ನ ನುಂಗುವುದಾದರೆ ನೀಲಿ ಆರಿಸಿ, ನಷ್ಟವೇನಿಲ್ಲ.

ದುಬಾರಿ ಡಬ್ಬಿಯನ್ನು ಸಮರ್ಥಿಸಲು ಕೆಲವರು 2008ರ ಪ್ರಯೋಗವೊಂದನ್ನು ಎತ್ತುತ್ತಾರೆ. ಅದರಲ್ಲಿ ಎರಡೂವರೆ ಡಾಲರ್‌ನ ಗುಳಿಗೆ ಎಂದು ಹೇಳಿಸಿಕೊಂಡವರಲ್ಲಿ ಶೇ 85 ಮಂದಿಗೆ ನೋವು ತಗ್ಗಿತು, ಹತ್ತು ಸೆಂಟಿನದು ಎಂದು ಹೇಳಿಸಿಕೊಂಡವರಲ್ಲಿ ಶೇ 61 ಮಂದಿಗೆ. ಗುಳಿಗೆ ಎರಡೂ ಒಂದೇ. ಆದರೆ ಅವರೆಲ್ಲ ಅದನ್ನು ನಿಜವಾದ ನೋವುನಿವಾರಕ ಎಂದೇ ನಂಬಿದ್ದರು. 'ಔಷಧವಿಲ್ಲ' ಎಂದು ತಿಳಿದು ಕೊಳ್ಳುವವರಿಗೆ ಆ ಲೆಕ್ಕ ಒಪ್ಪಿಸುವುದು ವ್ಯಾಪಾರದ ಜಾಣತನ. ಅಗ್ಗದ್ದನ್ನೇ ಕೊಳ್ಳಿ.

ಇನ್ನು ಚೀಟಿ. ಈ ಸರಕಿನ ಅಸಲು ಭಾಗ ಇದೇ, ಸೋಲುವುದೂ ಇಲ್ಲೇ. 2010ರಲ್ಲಿ ರೋಗಿಗಳಿಗೆ ನಾಲ್ಕು ಮಾತು ಹೇಳಿದ್ದರು: ಪ್ಲಾಸಿಬೊ ಪರಿಣಾಮ ಬಲವಾದದ್ದು, ಊಟದ ಗಂಟೆ ಕೇಳಿದೊಡನೆ ಜೊಲ್ಲು ಸುರಿಸಿದ, ವಿಜ್ಞಾನಿ ಪಾವ್ಲೊವ್‌ನ ಪ್ರಯೋಗದ ನಾಯಿಗಳಂತೆ ದೇಹ ತಾನಾಗಿ ಸ್ಪಂದಿಸಬಲ್ಲದು, ನಂಬಿಕೆ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ, ಗುಳಿಗೆ ತಪ್ಪಿಸದೆ ನುಂಗುವುದು ಮುಖ್ಯ. ಈ ನಾಲ್ಕೂ ಸರಳವಾಗಿ ಇದ್ದರೆ ಚೀಟಿ ಪಾಸು. ಗೆಡ್ಡೆ ಕರಗುತ್ತದೆ, ರೋಗನಿರೋಧಕ ಶಕ್ತಿ ಏರುತ್ತದೆ ಎಂದಿದ್ದರೆ ಡಬ್ಬಿ ವಾಪಸ್ ಕಳಿಸಿ.

ಬಳಸುವ ಕ್ರಮ ಹೀಗೆ. ಒಂದೇ ತೊಂದರೆ ಆರಿಸಿಕೊಳ್ಳಿ. ಗುಳಿಗೆ ಮುಟ್ಟದೆ 7 ದಿನ, ದಿನಾ ಒಂದೇ ಹೊತ್ತಿಗೆ, 0ಯಿಂದ 10ರ ಅಂಕದಲ್ಲಿ ಬರೆದಿಡಿ. ನಂತರ ಬೆಳಿಗ್ಗೆ ಒಂದು, ರಾತ್ರಿ ಒಂದು, 21 ದಿನ. ಒಟ್ಟು 42 ಕ್ಯಾಪ್ಸೂಲ್ ಬೇಕು, 30ರ ಡಬ್ಬಿ ಸಾಲದು. ಹಲ್ಲುಜ್ಜಿದ ಬೆನ್ನಿಗೇ ಎಂದು ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಕುಳಿತು, ಒಂದು ಲೋಟ ನೀರಿನೊಂದಿಗೆ ನುಂಗಿ, 'ಬೆನ್ನು ಸಡಿಲವಾಗಲಿ' ಎಂಬಂಥ ಒಂದೇ ಮಾತು ಮನಸ್ಸಿನಲ್ಲಿ ತಂದುಕೊಳ್ಳಿ. ಒಂದೆರಡು ನಿಮಿಷ ಗಮನವನ್ನು ದೇಹದ ಆ ಜಾಗದಲ್ಲಿ ಇಟ್ಟು ಉಸಿರು ನಿಧಾನಿಸಿ. ಆಮೇಲೆ ಎದ್ದು ಕೆಲಸಕ್ಕೆ ಹೋಗಿ. ನಡೆಯುತ್ತಿರುವ ಔಷಧವನ್ನು ನಿಲ್ಲಿಸುವಂತಿಲ್ಲ, ಕಡಿಮೆ ಮಾಡುವಂತಿಲ್ಲ.

ಕೆಡುವುದು ಹೆಚ್ಚಾಗಿ ಅತಿ ಪ್ರಯತ್ನದಿಂದ. ಹಲ್ಲು ಕಚ್ಚಿ ನಂಬಲು ಹೋದರೆ ನಂಬಿಕೆ ಬರುವುದಿಲ್ಲ, ಒಳಗಿನ ತಕರಾರು ಮಾತ್ರ ಜೋರಾಗುತ್ತದೆ. 'ಆದೀತೇನೋ, ನೋಡೋಣ' ಎನ್ನುವಷ್ಟು ಸಾಕು. ಗಂಟೆಗೊಮ್ಮೆ ನೋವು ಇಳಿಯಿತೇ ಎಂದು ತಡಕಿದರೆ ಗಮನ ನೋವಿಗೇ ಅಂಟಿ ಅದು ದೊಡ್ಡದಾಗುತ್ತದೆ. ಅಡ್ಡಪರಿಣಾಮದ ಪಟ್ಟಿ ಓದುತ್ತ ಕೂರುವುದೂ ಹಾಗೆಯೇ: ಅಡ್ಡಪರಿಣಾಮ ಆಯಿತೆಂದು ಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಮದ್ದು) ಬಿಟ್ಟಿದ್ದ 60 ಮಂದಿಯ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅವರು ಹೇಳಿದ ತೊಂದರೆಯ ಶೇ 90ರಷ್ಟು ಬರೀ ಪ್ಲಾಸಿಬೊ ನುಂಗಿದಾಗಲೂ ಬಂದಿತ್ತು. ಇನ್ನೊಂದು ಮೋಸ ಲೆಕ್ಕದ್ದು. ನೋವು ತಾರಕಕ್ಕೇರಿದ ದಿನ ಶುರು ಮಾಡಿದರೆ ಅದು ಹೇಗೂ ಇಳಿಯುತ್ತದೆ, ಹೆಸರು ಗುಳಿಗೆಗೆ ಬರುತ್ತದೆ. ಮೊದಲ 7 ದಿನದ ಪುಸ್ತಕ ಅದಕ್ಕಾಗಿಯೇ.

ಕೊನೆಯ ವಾರದ ಸರಾಸರಿಯನ್ನು ಆ ಮೊದಲ ವಾರದ ಸರಾಸರಿಗೆ ಹೋಲಿಸಿ. ಸುಮಾರು 2 ಅಂಕ ಅಥವಾ ಶೇ 30 ಇಳಿದಿದ್ದರೆ ನೋವಿನ ಅಧ್ಯಯನಗಳ ಲೆಕ್ಕದಲ್ಲಿ ಅದು ಗಮನಿಸಬೇಕಾದ ಇಳಿಕೆ. ಒಂದು ವಾರ ಬಿಟ್ಟು ನೋಡಿ. ಮತ್ತೆ ಏರಿದರೆ ಇನ್ನೊಂದು ಸುತ್ತು ಹಾಕಬಹುದು. ಅಲುಗದಿದ್ದರೆ ಎರಡರ ಬದಲು ನಾಲ್ಕು ನುಂಗಬೇಡಿ, ಈ ಸರಕು ನಿಮಗಲ್ಲ. ಉಳಿದವನ್ನು ಎತ್ತಿಡುವುದಾದರೆ ಒಣಜಾಗದಲ್ಲಿಡಿ. ಡಬ್ಬಿಯ ತಳದಲ್ಲಿ ಎಕ್ಸ್‌ಪೈರಿ ದಿನಾಂಕ ಕಂಡು ನಗು ಬಂದೀತು; ಕಳೆದುಕೊಳ್ಳಲು ಒಳಗೆ ಗುಣವೇನೂ ಇಲ್ಲ ನಿಜ, ಆದರೆ ಕವಚ ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.